ವಿಹಾರ ಕೆರೆಯ ಏರಿಯ ವರದಿ ಜನರ ಕೈಗೆ ಬರಲಿ

ಜೋಗೇಶ್ವರಿ, ಮಜಾಸ್, ಮರೋಳ್, ಸಾಕಿನಾಕಾ, ಕುರ್ಲಾಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ಮಳೆ ಚೆನ್ನಾಗಿ ಹಿಡಿದ ವರ್ಷ ಜುಲೈಯಲ್ಲೋ ಆಗಸ್ಟಿನಲ್ಲೋ ಪತ್ರಿಕೆಯಲ್ಲಿ ಒಂದು ಸುದ್ದಿ ಬರುತ್ತದೆ: ವಿಹಾರ ಕೆರೆ ತುಂಬಿ ಕೋಡಿ ಬಿದ್ದಿದೆ. ಇನ್ನು ನೀರು ಕಡಿತವಿಲ್ಲವೆಂದು ಎಲ್ಲರಿಗೂ ಸಮಾಧಾನ. ನಮ್ಮ ಊರುಗಳಲ್ಲಿ ಕೆರೆ ತುಂಬಿದಾಗ ಬಾಗಿನ ಬಿಡುವವರು ನೀರಿನ ಕಡೆ ನಿಂತರೆ, ನೀರಗಂಟಿ ಏರಿಯ ಹಿಂಬದಿಗೆ ಇಳಿದು ಬುಡದಲ್ಲಿ ಎಲ್ಲಾದರೂ ಒಸರು ಕಂಡಿತೇ ಎಂದು ನೋಡುತ್ತಿದ್ದ. ಮುಂಬಯಿಯಲ್ಲಿ ಕೋಡಿಯ ಸುದ್ದಿ ನಮಗೆ ತಲುಪುತ್ತದೆ, ಏರಿಯ ಸುದ್ದಿ ತಲುಪುವುದಿಲ್ಲ.

ನಾವು ಕೇಳುವುದು ಇಷ್ಟು. ವಿಹಾರದ ಮಣ್ಣಿನ ಏರಿಗಳನ್ನು ಮಳೆಗಾಲಕ್ಕೆ ಮುಂಚೆಯೂ ಮಳೆಗಾಲ ಕಳೆದ ಮೇಲೂ ಪರೀಕ್ಷಿಸಿದ ವರದಿಯನ್ನು ಬೃಹನ್ಮುಂಬಯಿ ಮಹಾನಗರ ಪಾಲಿಕೆ ಪ್ರತಿ ವರ್ಷ ಪ್ರಕಟಿಸಬೇಕು. ಏರಿಗೆ ಅಪಾಯ ಬಂದರೆ ನೀರು ಯಾವ ಬಸ್ತಿಗೆ ಎಷ್ಟು ಹೊತ್ತಿನಲ್ಲಿ ಬರುತ್ತದೆ, ಜನ ಎತ್ತ ಹೋಗಬೇಕು ಎಂಬ ನಕ್ಷೆಯನ್ನು ಕೆಳಗಿನ ಬಸ್ತಿಗಳಲ್ಲಿ, ಅಲ್ಲಿಯ ಜನ ಓದುವ ಭಾಷೆಗಳಲ್ಲಿ ಅಂಟಿಸಬೇಕು.

ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಪವಾಯಿ ಕಡೆ ಹೋಗುವಾಗ ಎಡಗಡೆ ಆರೆಯ ಹಸಿರು ಕಾಣುತ್ತದೆಯಲ್ಲ, ಅದರ ಆಚೆಗಿದೆ ವಿಹಾರ. ಮಿಠಿ ನದಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಈ ಕೆರೆ ಕಟ್ಟಲು ತೊಡಗಿದ್ದು 1856ರಲ್ಲಿ, ಮುಗಿದದ್ದು 1860ರಲ್ಲಿ. ಯೋಜಿಸಿದವರು ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರ್. ಬಾವಿ, ಕುಂಟೆಗಳನ್ನೇ ನಂಬಿದ್ದ ಮುಂಬಯಿಗೆ ಕೊಳವೆಯಲ್ಲಿ ಮೊದಲು ನೀರು ಹರಿದದ್ದು ಇಲ್ಲಿಂದ. ಏರಿಗಳು ಮೂರು, ಮೂರೂ ಮಣ್ಣಿನವು. ತುಂಬಿದಾಗ ಅವುಗಳ ಹಿಂದೆ ನಿಲ್ಲುವ ನೀರು ಸುಮಾರು 2,770 ಕೋಟಿ ಲೀಟರ್. ನಗರದ ಗಡಿಯೊಳಗೇ ಇರುವ ಕುಡಿಯುವ ನೀರಿನ ಕೆರೆಗಳು ಎರಡೇ, ವಿಹಾರ ಮತ್ತು ತುಳಸಿ. ಇಂದು ನಗರಕ್ಕೆ ದಿನವೂ ಬರುವ ನೀರಿನಲ್ಲಿ ವಿಹಾರದ ಪಾಲು ತೀರ ಚಿಕ್ಕದು, ಭಾತ್ಸಾ, ವೈತರಣೆಗಳದ್ದೇ ದೊಡ್ಡದು. ಪಾಲು ಚಿಕ್ಕದಾದಾಗ ಗಮನವೂ ಚಿಕ್ಕದಾಗಬಾರದು ಎಂಬುದೇ ನಮ್ಮ ಕಳವಳ. ಭಾತ್ಸಾ ಇರುವುದು ಠಾಣೆ ಜಿಲ್ಲೆಯಲ್ಲಿ. ವಿಹಾರ ನಮ್ಮ ತಲೆಯ ಮೇಲಿದೆ.

ಮಣ್ಣಿನ ಏರಿ ಹಳೆಯದಾದ ಮಾತ್ರಕ್ಕೆ ದುರ್ಬಲವಲ್ಲ. ಕರ್ನಾಟಕದಲ್ಲಿ ನೂರಾರು ವರ್ಷದ ಏರಿಗಳು ಇಂದೂ ನೀರು ಹಿಡಿದಿವೆ. ಆದರೆ ಎಲ್ಲ ಮಣ್ಣಿನ ಏರಿಯಲ್ಲೂ ನೀರು ಸ್ವಲ್ಪ ಒಸರುತ್ತದೆ, ಆ ಒಸರನ್ನು ಓದುವ ಕಣ್ಣು ಬೇಕು. ಏಪ್ರಿಲ್ ಬಿಸಿಲಿಗೆ ಸುತ್ತಲ ಹುಲ್ಲೆಲ್ಲ ಒಣಗಿ ಏರಿಯ ಬುಡದಲ್ಲಿ ಒಂದು ತೇಪೆ ಮಾತ್ರ ಹಸಿರಾಗಿದ್ದರೆ ಅಲ್ಲಿ ನೀರು ಹೊರಬರುತ್ತಿದೆ ಎಂದರ್ಥ. ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಒಂದು ಗಂಟೆ ಇಡಬೇಕು. ತಿಳಿಯಾಗಿಯೇ ಉಳಿದರೆ ಸದ್ಯಕ್ಕೆ ಗಾಬರಿಯಿಲ್ಲ. ತಳದಲ್ಲಿ ಸಣ್ಣ ಮಣ್ಣು ಕೂತರೆ, ನೀರಿನ ಜೊತೆ ಏರಿಯ ಒಡಲೂ ಕಣಕಣವಾಗಿ ಹೊರಟಿದೆ. ಒಳಗೆ ಕೊಳವೆಯಂತೆ ದಾರಿಯಾಗುತ್ತದೆ, ದಾರಿ ಅಗಲವಾದಷ್ಟೂ ನೀರಿನ ರಭಸ ಹೆಚ್ಚುತ್ತದೆ, ಕಡೆಗೆ ಕೆಲವೇ ಗಂಟೆಗಳಲ್ಲಿ ಏರಿ ಬಾಯಿ ಬಿಡುತ್ತದೆ. ಒಸರುವ ನೀರನ್ನು ವಿ ಆಕಾರದ ಕಿಂಡಿಯ ತಗಡಿನ ಮೇಲೆ ಹರಿಸಿ ದಿನಾ ಅಳೆಯುವುದು ಇದಕ್ಕಾಗಿಯೇ. ಕೆರೆಯ ಮಟ್ಟ ಏರದೆ ಒಸರು ಮಾತ್ರ ಏರಿತೆಂದರೆ ಅದು ಎಚ್ಚರಿಕೆ. ದೊಡ್ಡ ಯಂತ್ರವೇನೂ ಬೇಡ, ತಪ್ಪದೆ ಬರೆದಿಡುವವರು ಬೇಕು.

ಏಡಿಯ ಬಿಲ, ಹೆಗ್ಗಣದ ಬಿಲ, ಮರದ ಬೇರು ಇವೂ ನೀರಿಗೆ ದಾರಿ ಕೊಡುತ್ತವೆ. ಆರೆಯ ಮರಗಳಿಗಾಗಿ ದನಿ ಎತ್ತಿದವರು ನಮ್ಮಲ್ಲೂ ಇದ್ದಾರೆ, ಆ ದನಿ ಸರಿಯಾದದ್ದೇ. ಏರಿಯ ಮೈಮೇಲೆ ಬೆಳೆದ ಮರದ ಮಾತು ಬೇರೆ. ಮರ ಸತ್ತು ಬೇರು ಕೊಳೆತಾಗ ಏರಿಯೊಳಗೆ ಪೊಳ್ಳು ಉಳಿಯುತ್ತದೆ. ಏರಿಯ ಮೇಲೆ ಹುಲ್ಲು ಇರಬೇಕು, ಮರ ಇರಬಾರದು. ಕಾಡಿನ ಮಗ್ಗುಲಲ್ಲೇ ಇರುವ ಕೆರೆಯಾದ್ದರಿಂದ ಪಾಲಿಕೆಯೂ ಅರಣ್ಯ ಇಲಾಖೆಯೂ ಇದನ್ನು ಕೂಡಿ ಕೂತು ಇತ್ಯರ್ಥ ಮಾಡಿಕೊಳ್ಳಬೇಕು.

ಒಸರಿನ ಭಯ ಇಂದಿನದಲ್ಲ. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನ ಕೆರೆಗೆ ಬರುವ ಆರು ದೋಷಗಳನ್ನು ಎಣಿಸುತ್ತದೆ. ಏರಿಯಿಂದ ನೀರು ಒಸರುವುದು ಅದರಲ್ಲಿ ಒಂದು. ಕೆರೆ ಕಟ್ಟಿದ ಅರಸರು ಅದರ ದುರಸ್ತಿಗೆಂದೇ ಭೂಮಿ ಬಿಡುತ್ತಿದ್ದರು. ಕೆರೆಗೊಡಗೆ, ದಶವಂದ ಎಂದು ನಮ್ಮ ಶಾಸನಗಳ ತುಂಬ ಇದರ ಮಾತಿದೆ. ಕಟ್ಟಿದ ಹೆಸರು ಒಬ್ಬರಿಗೆ, ಕಾಯುವ ಹೊಣೆ ಊರಿಗೆ, ಅದಕ್ಕೆ ಖಾಯಂ ಆದಾಯ. ಪಾಲಿಕೆಯ ಬಜೆಟ್ಟಿನಲ್ಲೂ ಏರಿಯ ನಿರ್ವಹಣೆಗೆ ಬೇರೆ ಕೆಲಸಕ್ಕೆ ತಿರುಗಿಸಲಾಗದ ಪ್ರತ್ಯೇಕ ಮೊತ್ತ ಇರಬೇಕೆಂದು ನಾವು ಕೇಳುತ್ತೇವೆ.

2019ರ ಎರಡು ಘಟನೆಗಳನ್ನು ದಯವಿಟ್ಟು ಒಟ್ಟಿಗೆ ಇಟ್ಟು ನೋಡಿ. ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ಚಿಪ್ಳೂಣ್ ತಾಲೂಕಿನ ತಿವರೆ ಅಣೆಕಟ್ಟು ಒಡೆಯಿತು. ಅದೂ ಮಣ್ಣಿನದೇ, ಕಟ್ಟಿ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ನೀರು ಸೋರುತ್ತಿದೆಯೆಂದು ಹಳ್ಳಿಯವರು ಮೊದಲೇ ದೂರಿದ್ದರು. ಊಟ ಮುಗಿಸಿ ಮಲಗುವ ಹೊತ್ತು, ಕೆಳಗಿನ ಭೇಂಡವಾಡಿಯ ಮನೆಗಳು ಕೊಚ್ಚಿಹೋದವು, ಸುಮಾರು ಇಪ್ಪತ್ತು ಜೀವ ಹೋಯಿತು. ತಿಂಗಳೂ ಕಳೆಯಲಿಲ್ಲ, ಆಗಸ್ಟ್ 1ರಂದು ಇಂಗ್ಲೆಂಡಿನ ವೇಲಿ ಬ್ರಿಜ್ ಎಂಬ ಪಟ್ಟಣದ ಮೇಲಿರುವ ಟಾಡ್‌ಬ್ರೂಕ್ ಜಲಾಶಯದಲ್ಲಿ ಕೋಡಿಯ ಕಾಂಕ್ರೀಟ್ ಹಾಸು ಕುಸಿದು ಒಳಗಿನ ಮಣ್ಣು ಕೊಚ್ಚತೊಡಗಿತು. ಅದು ವಿಹಾರದ ಕಾಲದ್ದೇ, 19ನೆಯ ಶತಮಾನದ ಮಣ್ಣಿನ ಏರಿ. ಸುಮಾರು 1,500 ಮಂದಿಯನ್ನು ಮನೆ ಬಿಡಿಸಿದರು, ಪಂಪು ಹಚ್ಚಿ ನೀರು ಇಳಿಸಿದರು, ಹೆಲಿಕಾಪ್ಟರಿನಿಂದ ಜಲ್ಲಿಯ ಚೀಲ ಸುರಿದು ಕುಸಿತ ತಡೆದರು. ಒಬ್ಬರೂ ಸಾಯಲಿಲ್ಲ. ಎಚ್ಚರಿಕೆ ಹೊತ್ತಿಗೆ ಸರಿಯಾಗಿ ಕೆಳಗಿನ ಮನೆಗಳಿಗೆ ಮುಟ್ಟಿತ್ತು.

2005ರ ಜುಲೈ 26ನ್ನು ಇಲ್ಲಿ ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ವಿಹಾರ, ಪವಾಯಿಗಳ ಕೋಡಿ ನೀರೇ ಮಿಠಿಯ ಮೂಲ. ಆ ಮಿಠಿ ಉಕ್ಕಿ ಕುರ್ಲಾ, ಕಲೀನಾ ಮುಳುಗಿದವು. ಆ ದಿನ ವಿಹಾರದ ಏರಿ ನಿಂತಿತು. ಕಟ್ಟಿದವರಿಗೂ ಕಾಯ್ದವರಿಗೂ ನಾವು ಋಣಿಗಳು. ಆದರೆ ಅಂಥ ಮಳೆ ಮತ್ತೆ ಬಂದರೆ ಕೋಡಿ ಅಷ್ಟು ನೀರನ್ನು ಹೊರಹಾಕುತ್ತದೆಯೇ, ನೀರು ಏರಿಯ ನೆತ್ತಿ ಹತ್ತದೆ ಉಳಿಯುತ್ತದೆಯೇ ಎಂಬ ಲೆಕ್ಕ ಜನರ ಮುಂದೆ ಬರಬೇಕು. ನೆತ್ತಿಯ ಮೇಲೆ ನೀರು ಹರಿದರೆ ಮಣ್ಣಿನ ಏರಿ ಬಹಳ ಹೊತ್ತು ತಾಳುವುದಿಲ್ಲ. ನಾವು ಜೋಗೇಶ್ವರಿಯವರು ಮಿಠಿಯ ದಂಡೆಯಲ್ಲಿಲ್ಲ, ನಿಜ. ನಮ್ಮ ಮಕ್ಕಳು ಕೆಲಸಕ್ಕೆ ಹೋಗುವ ಸೀಪ್ಜ್, ನಮ್ಮವರು ಹೋಟೆಲು ನಡೆಸುವ ಮರೋಳ್, ಸಾಕಿನಾಕಾ, ಕುರ್ಲಾ ಆ ದಂಡೆಯಲ್ಲಿವೆ.

ಕಾನೂನು ನಮ್ಮ ಪರವಾಗಿದೆ. ಅಣೆಕಟ್ಟು ಸುರಕ್ಷಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಪ್ರತಿ ಅಣೆಕಟ್ಟಿನ ಒಡೆತನ ಯಾರದೋ ಅವರು ಮಳೆಗಾಲದ ಮುಂಚೆಯೂ ನಂತರವೂ ತಪಾಸಣೆ ಮಾಡಿಸಬೇಕು. ಐದು ವರ್ಷದೊಳಗೆ, ಅಂದರೆ 2026ರ ಡಿಸೆಂಬರ್ ಕೊನೆಗೆ, ತುರ್ತು ಕ್ರಿಯಾ ಯೋಜನೆ ಸಿದ್ಧಪಡಿಸಿ, ಸ್ವತಂತ್ರ ತಜ್ಞರಿಂದ ಸಮಗ್ರ ಪರೀಕ್ಷೆ ನಡೆಸಿರಬೇಕು. ನೆರೆಯ ಮುನ್ಸೂಚನೆಯನ್ನೂ ಅದರಿಂದ ಆಗಬಹುದಾದ ಹಾನಿಯ ವಿವರವನ್ನೂ ಸಾರ್ವಜನಿಕರಿಗೆ ತಿಳಿಸಬೇಕೆಂದೂ ಕಾಯ್ದೆ ಹೇಳುತ್ತದೆ.

ನಕ್ಷೆ ಅಂಟಿಸಿದರೆ ಜನ ಹೆದರುತ್ತಾರೆ, ಮನೆಯ ಬೆಲೆ ಇಳಿಯುತ್ತದೆ ಎನ್ನುವವರಿದ್ದಾರೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಓಡುವ ದಾರಿಯನ್ನು ಪ್ರತಿ ಮಹಡಿಯಲ್ಲೂ ಬರೆದಿರುತ್ತಾರೆ, ಅದನ್ನು ಓದಿ ಮನೆ ಬಿಟ್ಟವರಿಲ್ಲ. ಭದ್ರತೆಯ ಮಾತಿಗೂ ಬೆಲೆಯಿದೆ. ವಿಹಾರಕ್ಕೆ ಸಾರ್ವಜನಿಕರ ಪ್ರವೇಶವಿಲ್ಲ, ಇರಬೇಕೆಂದು ನಾವು ಕೇಳುವುದೂ ಇಲ್ಲ. ಕಾವಲಿನ ವಿವರ ಗುಟ್ಟಾಗಿರಲಿ. ಆದರೆ ನಮ್ಮ ಕಣ್ಣಿಂದ ಏರಿಯನ್ನು ನೋಡುವಂತಿಲ್ಲ ಎಂದಾದಾಗ, ನೋಡಿ ಬಂದವರ ವರದಿಯ ಮೇಲಿನ ನಮ್ಮ ಹಕ್ಕು ಇನ್ನಷ್ಟು ಗಟ್ಟಿಯಾಗುತ್ತದೆ.

ಎಂಜಿನಿಯರುಗಳು ಕೆಲಸ ಮಾಡುತ್ತಿಲ್ಲವೆಂಬುದು ನಮ್ಮ ದೂರಲ್ಲ. ಮಳೆಯಲ್ಲಿ ಏರಿಯ ಮೇಲೆ ನಡೆಯುವ ನೌಕರನ ಬಗ್ಗೆ ನಮಗೆ ಗೌರವವಿದೆ. ಅವನು ಬರೆದ ಅಂಕಿಯನ್ನು ಮೇಲಿನವರು ಓದುವಂತೆ ಮಾಡಲು ಜನರ ಒತ್ತಾಯ ಬೇಕಾಗುತ್ತದೆ. ತಿವರೆಯಲ್ಲಿ ದೂರಿತ್ತು, ಕೇಳುವ ಕಿವಿ ಇರಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಪಾಲಿಕೆಯ ಜಲ ಅಭಿಯಂತರ ವಿಭಾಗಕ್ಕೆ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ. ಮೂರು ಪ್ರಶ್ನೆ ಸಾಕು: ವಿಹಾರದ ಕಳೆದ ಎರಡು ಮಳೆಗಾಲಗಳ ತಪಾಸಣಾ ವರದಿ, ಏರಿಯ ಒಸರಿನ ಅಳತೆಯ ದಾಖಲೆ, ತುರ್ತು ಕ್ರಿಯಾ ಯೋಜನೆಯ ಪ್ರತಿ. ಒಂದು ಸೊಸೈಟಿಯಿಂದ ಒಂದು ಅರ್ಜಿ ಹೋಗಲಿ. ಬಂದ ಉತ್ತರವನ್ನು ಸೊಸೈಟಿಯ ಫಲಕಕ್ಕೆ ಅಂಟಿಸಿ, ಒಂದು ಪ್ರತಿಯನ್ನು ನಿಮ್ಮ ವಾರ್ಡ್ ಕಚೇರಿಗೆ ಕೊಟ್ಟು ಸಹಿ ಪಡೆದುಕೊಳ್ಳಿ.

— ಜೋಗೇಶ್ವರಿ ಪೂರ್ವದ ಕನ್ನಡ ನಿವಾಸಿಗಳು