ಮೂರ್ಖರ ಪೆಟ್ಟಿಗೆ ಪೆದ್ದಾಗಿಯೇ ಇರಲಿ!

ಟಿವಿಗೆ 'ಮೂರ್ಖರ ಪೆಟ್ಟಿಗೆ' ಅಂತ ಹೆಸರಿಟ್ಟು ಬೈದುಕೊಂಡು ಬಂದವರು ನಾವು. ಈಗ ಅಂಗಡಿಗೆ ಹೋದರೆ ಪೆದ್ದು ಟಿವಿ ಸಿಗುವುದೇ ಕಷ್ಟ. ಎಲ್ಲವೂ ಸ್ಮಾರ್ಟು! ಜೊತೆಗೆ ಮಾತಾಡುವ ಸ್ಪೀಕರು, ಫೋನಿನಿಂದ ಆರಿಸುವ ಬಲ್ಬು... "ತಗೊಳ್ಳಿ ಸಾರ್, ಮನೆಯೆಲ್ಲಾ ಸ್ಮಾರ್ಟ್ ಆಗತ್ತೆ" ಅನ್ನುತ್ತಾರೆ. ಬೇಡ ಸ್ವಾಮಿ, ಅಂತೀನಿ ನಾನು.

ಈ ಜಾಣತನ ಯಾರಿಗೋಸ್ಕರ? ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿ ಎ.ಸಿ.ಆರ್ ಅಂತ ಒಂದು ವ್ಯವಸ್ಥೆ ಇರುತ್ತದೆ. ಪರದೆಯ ಮೇಲೆ ಏನು ಓಡುತ್ತಿದೆ ಅಂತ ಗುರುತು ಹಿಡಿದು ಕಂಪನಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಸೆಟ್ ಟಾಪ್ ಬಾಕ್ಸಿನಿಂದ ಬಂದದ್ದನ್ನೂ ಅದು ಗುರುತಿಸಬಲ್ಲದು. ಅಮೆರಿಕದಲ್ಲಿ ವಿಜಿಯೊ ಕಂಪನಿ ಹೀಗೆ 1 ಕೋಟಿ 10 ಲಕ್ಷ ಟಿವಿಗಳಿಂದ ಮಾಲೀಕರ ಒಪ್ಪಿಗೆಯಿಲ್ಲದೆ ಮಾಹಿತಿ ಬಾಚಿಕೊಂಡಿತೆಂಬ ಆರೋಪ ಬಂದು, 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಕೇಸು ಮುಗಿಸಿಕೊಂಡಿತು. ನಾವು ಟಿವಿ ನೋಡುತ್ತೇವೆ, ಟಿವಿ ನಮ್ಮನ್ನು ನೋಡುತ್ತದೆ!

ಹೋಗಲಿ, ಇಷ್ಟು ಜಾಣ ಯಂತ್ರಗಳಿಗೆ ನಮ್ಮ ಮಾತು ಬರಬೇಡವೇ? ಅಲೆಕ್ಸಾಗೆ 2019ರಲ್ಲಿ ಹಿಂದಿ ಕಲಿಸಿದರು. ಆಗ ಕನ್ನಡದ ನೆನಪು ಯಾರಿಗೂ ಬರಲಿಲ್ಲ. ಕನ್ನಡ ಅಷ್ಟು ಕಷ್ಟವೇ? ಕನ್ನಡದಲ್ಲಿ ಮಾತಾಡಿದರೆ ಫೋನಿನಲ್ಲಿ ಅಕ್ಷರ ಮೂಡುವ ಸೌಲಭ್ಯವನ್ನು ಗೂಗಲ್ 2017ರಲ್ಲೇ ಕೊಟ್ಟಿತ್ತಲ್ಲ! ಅಂದಮೇಲೆ ಆಗದ ಕೆಲಸವೇನಲ್ಲ, ಮನಸ್ಸಿಲ್ಲ ಅಷ್ಟೆ. ತನ್ನದೇ ಮನೆಯ ದೀಪ ಹಾಕಿಸಲು ಅಜ್ಜಿ ಮೊಮ್ಮಗನ ಇಂಗ್ಲಿಷಿಗೆ ಕಾಯಬೇಕೇ?

ಇನ್ನು ಆ ಬಲ್ಬು. ಮನೆಯಲ್ಲಿ ಯಾರಾದರೂ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚು ಆರಿಸಿದರೆ ಅದರ ಜಾಣತನ ಅಲ್ಲಿಗೇ ಮುಗಿಯಿತು. ಆ ಹಳೇ ಸ್ವಿಚ್ಚಿಗೆ ಪಾಸ್‌ವರ್ಡೂ ಬೇಡ, ಭಾಷೆಯೂ ಬೇಡ.

ಹಾಗಾದರೆ ಟಿವಿ ಕೊಳ್ಳಲೇಬಾರದೇ? ಕೊಳ್ಳಿ, ಆದರೆ ಬರೀ ಪರದೆ ಅಂದುಕೊಂಡು ಕೊಳ್ಳಿ. ಚಿತ್ರ ಹೇಗಿದೆ, ದನಿ ಹೇಗಿದೆ, ಎಚ್‌ಡಿಎಂಐ ಕಿಂಡಿ ಎಷ್ಟಿವೆ, ನಿಮ್ಮ ಹಾಲಿಗೆ ಅಷ್ಟು ದೊಡ್ಡದು ಬೇಕೇ... ಇಷ್ಟು ನೋಡಿ ಸಾಕು. ಅದಕ್ಕೆ ವೈಫೈ ಪಾಸ್‌ವರ್ಡ್ ಕೊಡಬೇಡಿ. ಸಿನಿಮಾ ಬೇಕಾದರೆ ಬೇರೆ ಸ್ಟಿಕ್ ಸಿಕ್ಕಿಸಿಕೊಳ್ಳಿ. ಸ್ಟಿಕ್ಕೇನೂ ಸಾಧುಪ್ರಾಣಿಯಲ್ಲ, ಆದರೆ ಬೇಡವಾದಾಗ ಕಿತ್ತಿಡಬಹುದು. ನಾಲ್ಕಾರು ವರ್ಷದಲ್ಲಿ ಅಪ್‌ಡೇಟ್ ನಿಂತುಹೋದರೆ ಅದನ್ನಷ್ಟೇ ಬದಲಿಸಿದರಾಯಿತು, ಇಡೀ ಟಿವಿಯನ್ನಲ್ಲ. ಆಗಲೇ ನೆಟ್ಟಿಗೆ ಜೋಡಿಸಿದ್ದೀರಾ? ಇವತ್ತೇ ಸೆಟ್ಟಿಂಗ್ಸಿಗೆ ಹೋಗಿ ಎ.ಸಿ.ಆರ್ ಹುಡುಕಿ ಆಫ್ ಮಾಡಿ.

"ಕಾಲ ಬದಲಾಗಿದೆ, ಹೊಂದಿಕೊಳ್ಳಬೇಕು ಕಣ್ರೀ" ಅನ್ನುವವರಿದ್ದಾರೆ. ಬ್ಲಾಗಿಗ ಮಿತ್ರರೇ, ಕನ್ನಡ ಅಕ್ಷರವೆಲ್ಲ ಬರೀ ಚೌಕಗಳಾಗಿ ಕಾಣುತ್ತಿದ್ದ ಕಾಲದಲ್ಲೂ ಹಟ ಹಿಡಿದು ಯುನಿಕೋಡಿನಲ್ಲಿ ಬರೆದವರು ನಾವು. ಅವತ್ತು ನಾವು ಕಂಪ್ಯೂಟರಿಗೆ ಹೊಂದಿಕೊಳ್ಳಲಿಲ್ಲ, ಕಂಪ್ಯೂಟರೇ ನಮಗೆ ಹೊಂದಿಕೊಂಡಿತು. ಮುಂದಿನ ಸಲ ಅಂಗಡಿಗೆ ಹೋದಾಗ ಆ ಜಾಣ ಪೆಟ್ಟಿಗೆಯನ್ನು ಅಲ್ಲೇ ಕನ್ನಡದಲ್ಲಿ ಮಾತಾಡಿಸಿ. ಉತ್ತರ ಬರಲಿಲ್ಲವೋ, ಅಲ್ಲೇ ಬಿಟ್ಟು ಬನ್ನಿ. ಯಾಕೆ ಅಂತ ಅಂಗಡಿಯವನಿಗೂ ಹೇಳಿ ಬನ್ನಿ.

ಏನಂತೀರಿ?