ಚರ್ಚ್ ಅಂಗಳದಲ್ಲಿ ಎಲೆ ಆಟ ಬೇಡವೇ? ಮೊದಲು ನಿಯಮ ಕಲಿಯೋಣ



ಕಲ್ಯಾಣದುರ್ಗದ ಯುವಕೂಟದವರು ಹಿಂದೂಪುರಕ್ಕೆ ಬಂದಿದ್ದ ಭಾನುವಾರ ನಡೆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಪೂಜೆ ಮುಗಿದು, ಊಟವೂ ಆಗಿ, ನಾಲ್ಕು ನಾಲ್ಕು ಜನ ಚಾಪೆ ಹಾಸಿಕೊಂಡು ಎಲೆ ಹಂಚುತ್ತಿದ್ದೆವು. ನಮ್ಮ ಹಿರಿಯರೊಬ್ಬರು ಬಂದು ನಿಂತರು.

“ಏನ್ರಪ್ಪಾ ಇದು, ಚರ್ಚ್ ಅಂಗಳದಲ್ಲಿ ಇಸ್ಪೀಟಾ?”

“ಇಸ್ಪೀಟ್ ಅಲ್ಲ ತಾತ, ಕಾರ್ ರೇಸ್ ಆಟ” ಎಂದೆವು. ಅವರು ಒಂದು ಎಲೆ ಎತ್ತಿಕೊಂಡರು. ಅದರ ಮೇಲೆ ಪಂಚರ್ ಆದ ಟೈರಿನ ಚಿತ್ರ ಇತ್ತು.

“ಇದನ್ನ ಏನ್ ಮಾಡ್ತೀರಿ?”

“ಎದುರಿನವರ ಮೇಲೆ ಹಾಕ್ತೀವಿ ತಾತ. ಅವರ ಗಾಡಿ ನಿಲ್ಲುತ್ತೆ.”

“ಪಕ್ಕದವನ ಗಾಡಿ ಪಂಚರ್ ಮಾಡೋದನ್ನ ಕಲಿಯೋಕೆ ಚರ್ಚಿಗೆ ಬರಬೇಕಾ?” ಎಂದು ಎಲೆಯನ್ನು ಚಾಪೆಯ ಮೇಲಿಟ್ಟು ಹೊರಟುಹೋದರು. ನಾವು ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಿಟ್ಟೆವು.

ಅಂದಿನಿಂದ ಕೂಟದಲ್ಲಿ ಎರಡು ಪಕ್ಷ ಆಗಿವೆ. “ಹಿರಿಯರಿಗೆ ಬೇಡವಾದರೆ ಬಿಟ್ಟುಬಿಡೋಣ” ಎನ್ನುವವರು ಕೆಲವರು. “ಅವರಿಗೆ ಏನೂ ಗೊತ್ತಿಲ್ಲ” ಎನ್ನುವವರು ಇನ್ನು ಕೆಲವರು. ನನಗೆ ಎರಡೂ ಸರಿ ಕಾಣುವುದಿಲ್ಲ. ತಾತ ಕೇಳಿದ್ದು ಎರಡು ಒಳ್ಳೆಯ ಪ್ರಶ್ನೆ: ಇದು ಜೂಜಲ್ಲವೇ? ಇನ್ನೊಬ್ಬರಿಗೆ ಅಡ್ಡಿ ಮಾಡಿ ಗೆಲ್ಲುವುದು ನಮಗೆ ಒಪ್ಪುತ್ತದೆಯೇ? ಉತ್ತರ ಆಟದ ನಿಯಮಗಳಲ್ಲೇ ಇದೆ. ಅದನ್ನು ಸರಿಯಾಗಿ ಕಲಿತರೆ ಈ ಆಟ ನಮ್ಮ ಕೂಟಕ್ಕೆ ಬೇಕು ಎಂದೇ ನನ್ನ ಅಭಿಪ್ರಾಯ.

ಆಟದ ಹೆಸರು ಮಿಲ್ ಬೋರ್ನ್. ಫ್ರೆಂಚಿನಲ್ಲಿ ‘ಸಾವಿರ ಮೈಲಿಗಲ್ಲು’ ಎಂದರ್ಥ. 1954ರಲ್ಲಿ ಎಡ್ಮಂಡ್ ದ್ಯುಜಾರ್ದಿನ್ ಎಂಬುವರು ಫ್ರಾನ್ಸಿನಲ್ಲಿ ಇದನ್ನು ಹೊರತಂದರು. ಅದಕ್ಕೂ ಮೊದಲೇ, 1906ರಲ್ಲಿ, ಅಮೆರಿಕದಲ್ಲಿ ಟೂರಿಂಗ್ ಎಂಬ ಇಂಥದೇ ಆಟ ಬಂದಿತ್ತು. ನಮ್ಮ ಕೂಟಕ್ಕೆ ಇದನ್ನು ತಂದವರು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕ ಒಬ್ಬರು. ಒಂದೇ ಪೆಟ್ಟಿಗೆ ಸಾಲದೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ನಾವೇ ಇನ್ನೆರಡು ಕಟ್ಟು ಮಾಡಿಕೊಂಡೆವು. ಎಲೆಗಳ ಮೇಲೆ ಕನ್ನಡದಲ್ಲಿ ಹೆಸರು ಬರೆದೆವು. ಶಾಲೆಯಲ್ಲಿ ತೆಲುಗು ಓದಿ ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಚಿಕ್ಕವರು ಆ ನೆಪದಲ್ಲಿ ಕನ್ನಡ ಅಕ್ಷರ ಕೂಡಿಸಿ ಓದಿದರು.

ಒಟ್ಟು 106 ಎಲೆ. 25, 50, 75, 100, 200 ಕಿಲೋಮೀಟರಿನ ದೂರದ ಎಲೆಗಳು 46. ಅಡ್ಡಿಯ ಎಲೆಗಳು 18: ಅಪಘಾತ, ಪೆಟ್ರೋಲ್ ಖಾಲಿ, ಪಂಚರ್ ತಲಾ 3, ವೇಗಮಿತಿ 4, ಕೆಂಪು ದೀಪ 5. ಪರಿಹಾರದ ಎಲೆಗಳು 38: ರಿಪೇರಿ, ಪೆಟ್ರೋಲ್, ಸ್ಟೆಪ್ನಿ, ಮಿತಿ ಮುಗಿಯಿತು ತಲಾ 6, ಹಸಿರು ದೀಪ 14. ಉಳಿದ 4 ರಕ್ಷಣೆಯ ಎಲೆಗಳು: ಪಳಗಿದ ಡ್ರೈವರ್, ಹೆಚ್ಚಿನ ಟ್ಯಾಂಕ್, ಪಂಚರ್ ಆಗದ ಟೈರ್, ಮತ್ತೆ ನಾವು ‘ಆಂಬುಲೆನ್ಸ್’ ಎಂದು ಕರೆಯುವ ಎಲೆ. ಆಂಬುಲೆನ್ಸ್ ಇದ್ದವರಿಗೆ ಕೆಂಪು ದೀಪವೂ ಇಲ್ಲ, ವೇಗಮಿತಿಯೂ ಇಲ್ಲ.

ಕೈಯಲ್ಲಿ ಆರು ಎಲೆ. ಸರದಿ ಬಂದಾಗ ಒಂದು ಎತ್ತಿಕೊಂಡು ಒಂದನ್ನು ಆಡಬೇಕು, ಇಲ್ಲವೇ ಬಿಸಾಡಬೇಕು. ಹಸಿರು ದೀಪ ಬೀಳದೆ ಗಾಡಿ ಹೊರಡುವುದಿಲ್ಲ. ಪಂಚರ್ ಬಿದ್ದರೆ ಸ್ಟೆಪ್ನಿ ಹಾಕಬೇಕು, ಹಳೆಯ ನಿಯಮದಲ್ಲಿ ಆಮೇಲೆ ಮತ್ತೆ ಹಸಿರು ದೀಪವೂ ಬೇಕು. ವೇಗಮಿತಿ ಬಿದ್ದರೆ 25 ಅಥವಾ 50ರ ಎಲೆ ಮಾತ್ರ ಆಡಬಹುದು. ನಾಲ್ಕು ಜನ ಆಡುವಾಗ ಇಬ್ಬಿಬ್ಬರು ಜೊತೆ, ಜೊತೆಗೆ ಒಂದೇ ಗಾಡಿ. ಗುರಿ ಸರಿಯಾಗಿ 1000 ಕಿಲೋಮೀಟರ್, ಒಂದೂ ಹೆಚ್ಚಾಗಬಾರದು. ಹೀಗೆ ಓಟದ ಮೇಲೆ ಓಟ ಆಡಿ 5000 ಅಂಕ ಮೊದಲು ಮುಟ್ಟಿದವರು ಗೆದ್ದಂತೆ.

ಮೊದಲ ದಿನ ನಾವೆಲ್ಲ ಆಡಿದ್ದು ಒಂದೇ ರೀತಿ. ಅಡ್ಡಿಯ ಎಲೆ ಬಂದ ತಕ್ಷಣ ಎದುರಿನವರ ಮೇಲೆ ಎಸೆದೆವು. 200ರ ಎಲೆ ಸಿಕ್ಕರೆ ಕೂಗಿ ಇಟ್ಟೆವು. ಕಲ್ಯಾಣದುರ್ಗದ ಇಬ್ಬರು ತಂಗಿಯರು ಮಾತ್ರ ಸದ್ದಿಲ್ಲದೆ ಆಡಿ ಎಲ್ಲರನ್ನೂ ಸೋಲಿಸಿದರು. ಅಂಕ ಬರೆಯುವಾಗ ನಮಗೆ ಅರ್ಥವಾಯಿತು.

ಎದುರಿನವರ ಮೇಲೆ ಅಡ್ಡಿ ಹಾಕಿದ್ದಕ್ಕೆ ಅಂಕ ಸೊನ್ನೆ. ನಡೆದ ಪ್ರತಿ ಕಿಲೋಮೀಟರಿಗೆ ಒಂದು ಅಂಕ, ಗುರಿ ಮುಟ್ಟಿದರೆ 400. ರಕ್ಷಣೆಯ ಎಲೆಯನ್ನು ಸುಮ್ಮನೆ ಇಟ್ಟರೆ 100. ಅದನ್ನು ಕೈಯಲ್ಲೇ ಹಿಡಿದು ಕಾದಿದ್ದು, ಎದುರಿನವರು ಆ ಅಡ್ಡಿ ಹಾಕಿದ ಕ್ಷಣದಲ್ಲೇ ಇಟ್ಟರೆ ಇನ್ನೂ 300. ಫ್ರೆಂಚಿನವರು ಅದಕ್ಕೆ ಕು ಫುರ್ರೇ ಎನ್ನುತ್ತಾರೆ, ನಾವು ತಿರುಗುಬಾಣ ಎಂದು ಹೆಸರಿಟ್ಟಿದ್ದೇವೆ. ಲೆಕ್ಕ ಹಾಕಿ ನೋಡಿ: ತಾಳ್ಮೆಯಿಂದ ಕಾಯ್ದ ಒಂದು ರಕ್ಷಣೆಯ ಬೆಲೆ 400, ಗುರಿ ಮುಟ್ಟಿದಷ್ಟೇ. ಆದರೆ ಅತಿಯಾಸೆಯಿಂದ ಕೊನೆಯವರೆಗೂ ಕೈಯಲ್ಲೇ ಇಟ್ಟುಕೊಂಡರೆ ಏನೂ ಸಿಗುವುದಿಲ್ಲ. ಎಷ್ಟು ಕಾಯಬೇಕು ಎನ್ನುವುದೇ ಈ ಆಟದ ಜಾಣತನ. ಎಷ್ಟು ಪಂಚರ್ ಬಿದ್ದಾಯಿತು ಎಂದು ಎಣಿಸುತ್ತಾ ಇದ್ದರೆ ಅದು ತಿಳಿಯುತ್ತದೆ. ಮೂರೂ ಬಿದ್ದ ಮೇಲೆ ಸ್ಟೆಪ್ನಿ ಇಟ್ಟುಕೊಂಡು ಏನು ಮಾಡುತ್ತೀರಿ?

200ರ ಎಲೆಗೂ ಒಂದು ಲೆಕ್ಕ ಇದೆ. ಒಂದು ಗಾಡಿಗೆ ಎರಡೇ ಸಲ ಆಡಬಹುದು. ಒಂದೂ ಆಡದೆ ಗುರಿ ಮುಟ್ಟಿದರೆ ‘ಕ್ಷೇಮ ಪ್ರಯಾಣ’ ಎಂದು 300 ಅಂಕ ಹೆಚ್ಚು. 44ನೇ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವ ನಮ್ಮ ಹುಡುಗರಿಗೆ ಇದನ್ನು ಯಾರೂ ಪ್ರಸಂಗ ಮಾಡಿ ಹೇಳಬೇಕಾಗಿಲ್ಲ. ಎರಡು ಓಟ ಸೋತರೆ ತಾವೇ ಕಲಿಯುತ್ತಾರೆ.

ಹಾಗಾಗಿ ತಾತನ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು. ಹೌದು, ಇಲ್ಲಿ ಅಡ್ಡಿ ಇದೆ. ಕಬಡ್ಡಿಯಲ್ಲೂ ಕಾಲು ಹಿಡಿದು ಎಳೆಯುತ್ತೇವೆ. ಒಪ್ಪಿಕೊಂಡು ಕೂತವರ ನಡುವೆ ಅದು ಹಗೆಯಲ್ಲ. ಆದರೆ ಅಡ್ಡಿಯನ್ನೇ ನಂಬಿದವನು ಈ ಆಟ ಗೆಲ್ಲುವುದಿಲ್ಲ. 18 ಅಡ್ಡಿಗೆ 38 ಪರಿಹಾರ ಇಟ್ಟಿದ್ದಾರೆ. ಒಂದು ಕಡೆ ಮಾತ್ರ ನಾನು ತಾತನ ಪಕ್ಷ: ಎದುರಿನವರು ಒಂದು ಕಿಲೋಮೀಟರ್ ಕೂಡ ಹೋಗದಂತೆ ತಡೆದು ಗುರಿ ಮುಟ್ಟಿದರೆ 500 ಅಂಕ ಎಂಬ ನಿಯಮ ಇದೆ. ನಮ್ಮ ಎರಡು ಕೂಟಗಳು ಅದನ್ನು ಬಿಟ್ಟು ಆಡೋಣ.

ಇನ್ನು ಜೂಜಿನ ಮಾತು. ಇದು ಹಗುರವಾದ ಮಾತಲ್ಲ. ನಮ್ಮ ಕಡೆ ಕಡಲೆಕಾಯಿ ಮಾರಿದ ದುಡ್ಡು ಮನೆಗೆ ಬರುವ ಮೊದಲೇ ಅಂದರ್ ಬಾಹರ್‌ನಲ್ಲಿ ಹೋದ ಮನೆಗಳಿವೆ. ನಮ್ಮ ತಂದೆಯ ತಂದೆಯದೂ ಅಂಥದೇ ಒಂದು ಮನೆ. ನಮ್ಮ ಅಜ್ಜಿ ಸಾಯುವವರೆಗೂ ಎಲೆ ಮುಟ್ಟಿದ ಕೈಯಲ್ಲಿ ಅನ್ನ ತಿನ್ನಬೇಡ ಎನ್ನುತ್ತಿದ್ದರು. ತಾತನ ಸಿಟ್ಟಿನ ಹಿಂದೆ ಇಂಥದ್ದೇ ಏನೋ ಇರಬಹುದು. “ಅವರಿಗೆ ಏನೂ ಗೊತ್ತಿಲ್ಲ” ಎನ್ನುವ ಗೆಳೆಯರೇ, ನಮಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ.

ನನ್ನದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ವರ್ಷ ರಾತ್ರಿ ರೂಮಿನಲ್ಲಿ ಒಬ್ಬನೇ ಫೋನಿನಲ್ಲಿ ರಮ್ಮಿ ಆಡಿ 18,000 ರೂಪಾಯಿ ಕಳೆದೆ. ಒಂದು ದಿನವೂ ಎದುರಿಗೆ ಕೂತವರ ಮುಖ ನೋಡಲಿಲ್ಲ. ಸೋತಷ್ಟನ್ನೂ ವಾಪಸ್ ಗೆಲ್ಲಬೇಕು ಎಂಬ ಒಂದೇ ಯೋಚನೆ. ಅಪ್ಪನಿಗೆ ಇದನ್ನು ಹೇಳಿದ್ದು ಹೋದ ತಪಸ್ಸು ಕಾಲದಲ್ಲಿ. ಚರ್ಚ್ ಅಂಗಳದಲ್ಲಿ ಎಲೆ ಕಂಡರೆ ಎಲ್ಲರೂ ನೋಡುತ್ತಾರೆ. ಜೇಬಿನ ಫೋನನ್ನು ನೋಡುವವರು ಯಾರು?

ಕೋರ್ಟು, ಕಾನೂನು ಕೂಡ ಎಲೆಯನ್ನು ನೋಡಲಿಲ್ಲ, ಹಣವನ್ನು ನೋಡಿದವು. 1967ರಲ್ಲಿ ನಮ್ಮ ಆಂಧ್ರದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಜಾಣತನವೇ ಹೆಚ್ಚು, ಮೂರೆಲೆ ಆಟದ ಹಾಗಲ್ಲ ಎಂದಿತು. ಜೊತೆಗೆ, ಆಡಿಸುವವರು ಅದರಿಂದ ಲಾಭ ಮಾಡಿಕೊಂಡರೆ ಅದು ಬೇರೆ ಮಾತು ಎಂದೂ ಹೇಳಿತು. ಆಂಧ್ರಪ್ರದೇಶ 2020ರಲ್ಲೇ ಹಣದ ಆನ್‌ಲೈನ್ ರಮ್ಮಿ ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅಂಥ ಕಾಯ್ದೆ ತಂದಿತು. ಒಳ್ಳೆಯದೇ ಆಯಿತು. ಆದರೆ ರಾತ್ರಿ ಒಬ್ಬನೇ ಕೂತ ಹುಡುಗನಿಗೆ ಕಾನೂನು ಜೊತೆಗಾರರನ್ನು ಕೊಡುವುದಿಲ್ಲ. ಅದನ್ನು ಕೊಡಬೇಕಾದವರು ನಾವು.

ಶುಭಸಂದೇಶ ಓದುವ ನಮಗೆ ಇದು ಹೊಸದಲ್ಲ. ಶಿಲುಬೆಯ ಕೆಳಗೆ ಸೈನಿಕರು ಪ್ರಭುವಿನ ಅಂಗಿಗಾಗಿ ಚೀಟಿ ಹಾಕಿದರು. ಕೆಲವೇ ವಾರಗಳಲ್ಲಿ ಪ್ರೇಷಿತರೂ ಚೀಟಿ ಹಾಕಿಯೇ ಮತ್ತೀಯನನ್ನು ಆರಿಸಿಕೊಂಡರು. ಎರಡು ಕಡೆಯೂ ಚೀಟಿಯೇ. ಅಲ್ಲಿ ಸಾಯುತ್ತಿರುವವನ ಬಟ್ಟೆಗೆ ಆಸೆ, ಇಲ್ಲಿ ಪ್ರಾರ್ಥನೆ ಮಾಡಿ ಕೂಡಿದ ಸಭೆ. ಎಲೆಯ ಮಾತೂ ಹಾಗೆಯೇ.

ನನ್ನ ಸಲಹೆ ಇಷ್ಟು. ಒಂದು ರೂಪಾಯಿಯೂ ಪಣ ಬೇಡ, ಟೀ ಕುಡಿಸುವ ಪಣವೂ ಬೇಡ. ಅಂಗಳದಲ್ಲಿ, ಹಗಲಿನಲ್ಲಿ, ಎಲ್ಲರ ಕಣ್ಣ ಮುಂದೆ ಆಡೋಣ. ಆಟ ಮುಗಿಯುವವರೆಗೆ ಫೋನುಗಳು ಒಂದು ಬುಟ್ಟಿಯಲ್ಲಿರಲಿ. ಜೊತೆಗಾರರನ್ನು ಚೀಟಿ ಹಾಕಿ ಆರಿಸೋಣ, ಒಬ್ಬರು ಹಿಂದೂಪುರದವರಾದರೆ ಇನ್ನೊಬ್ಬರು ಕಲ್ಯಾಣದುರ್ಗದವರು.

ಮತ್ತೆ ಆ ತಾತನನ್ನು ಕರೆಯೋಣ. ವಾದ ಮಾಡಲು ಅಲ್ಲ, ನಿಯಮ ಹೇಳಿಕೊಡಲು. ಎಲ್ಲ ಕೇಳಿದ ಮೇಲೂ ಅವರು ಬೇಡ ಎಂದರೆ, ಆ ದಿನ ಡಬ್ಬಿ ಮುಚ್ಚಿಟ್ಟು ಅವರ ಮನೆಯ ಕಥೆ ಕೇಳೋಣ. ಆಡುತ್ತೇನೆ ಎಂದರೆ ನನ್ನ ಜೊತೆಗಾರರು ಅವರೇ. ಚೀಟಿ ಹಾಕುವ ನಿಯಮವನ್ನು ಆ ಒಂದು ದಿನ ನಾನು ಮುರಿಯುತ್ತೇನೆ.