ಅಚ್ಚಿನ ಯಂತ್ರ ಮುರಿದರೂ ಅಡಗದ ದನಿ

'ಖಂಡಿತವಾದಿ ಲೋಕವಿರೋಧಿ' ಎಂಬ ನಾಣ್ಣುಡಿ ನಮ್ಮಲ್ಲಿ ಹಳೆಯದು. ಲೋಕದ ವಿರೋಧವನ್ನು ಕಟ್ಟಿಕೊಂಡೂ ಖಂಡಿತವಾದವನ್ನು ಬಿಡದೆ ಬಾಳಿದವರು ವಿರಳ. ಅಂಥವರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕಿ ಐಡಾ ಬಿ. ವೆಲ್ಸ್ ಒಬ್ಬರು.

ಮಿಸಿಸಿಪಿ ಸಂಸ್ಥಾನದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ, 1862ನೆಯ ಇಸವಿ ಜುಲೈ 16ರಂದು, ಗುಲಾಮ ದಂಪತಿಗಳ ಮಗಳಾಗಿ ಐಡಾ ಜನಿಸಿದರು. ದಾಸ್ಯವೇನೋ ಬೇಗನೆ ಅಳಿಯಿತು; ಆದರೆ 1878ರ ಹಳದಿ ಜ್ವರ ತಂದೆತಾಯಿಗಳಿಬ್ಬರನ್ನೂ ಒಂದು ಎಳೆಯ ತಮ್ಮನನ್ನೂ ಬಲಿ ತೆಗೆದುಕೊಂಡಿತು. ಉಳಿದ ಮಕ್ಕಳನ್ನು ನೆಂಟರು ಹಂಚಿಕೊಂಡು ಸಾಕುವ ಮಾತು ಬಂದಾಗ, 16ರ ಹುಡುಗಿ ಒಪ್ಪಲಿಲ್ಲ. ಉಪಾಧ್ಯಾಯಿನಿಯಾಗಿ ದುಡಿದು ಮನೆಯನ್ನು ತಾನೇ ಹೊತ್ತಳು.

ಮುಂದೆ ಮೆಂಫಿಸ್ ನಗರದ ಬಳಿ ಕೆಲಸದಲ್ಲಿದ್ದಾಗ, ಮೊದಲ ದರ್ಜೆಯ ಟಿಕೆಟ್ಟಿದ್ದರೂ ಆಕೆಯನ್ನು ಮಹಿಳೆಯರ ಗಾಡಿಯಿಂದ ಬಲವಂತವಾಗಿ ಹೊರದೂಡಿದರು. ಕೈಹಿಡಿದೆಳೆದ ಕಂಡಕ್ಟರನ ಕೈಯನ್ನು ಐಡಾ ಕಚ್ಚಿದರು. ರೈಲ್ವೆ ಕಂಪನಿಯ ಮೇಲೆ ದಾವೆ ಹೂಡಿ 1884ರಲ್ಲಿ 500 ಡಾಲರು ಪರಿಹಾರವನ್ನೂ ಗೆದ್ದರು. 1887ರಲ್ಲಿ ಸಂಸ್ಥಾನದ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು.

1889ರಲ್ಲಿ ಆಕೆ 'ಫ್ರೀ ಸ್ಪೀಚ್' ಪತ್ರಿಕೆಯ ಪಾಲುದಾರರೂ ಸಂಪಾದಕಿಯೂ ಆದರು. ಕಪ್ಪುಜನರ ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಬರೆದುದಕ್ಕಾಗಿ 1891ರಲ್ಲಿ ಉಪಾಧ್ಯಾಯ ವೃತ್ತಿಯನ್ನು ಕಳೆದುಕೊಂಡರು. ಮರುವರ್ಷ ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು.

ಆಕೆಯ ಗೆಳೆಯ ಥಾಮಸ್ ಮಾಸ್ ಮತ್ತು ಅವನ ಸಂಗಡಿಗರು ನಡೆಸುತ್ತಿದ್ದ ದಿನಸಿ ಅಂಗಡಿ, ನೆರೆಯ ಬಿಳಿಯ ವ್ಯಾಪಾರಿಯೊಬ್ಬನ ಕಣ್ಣು ಕುಕ್ಕಿತ್ತು. ಜಗಳ ಬೆಳೆದು ಮಾಸ್ ಮತ್ತು ಇನ್ನಿಬ್ಬರು ಸೆರೆಯಾದರು. 1892ರ ಮಾರ್ಚ್ 9ರಂದು ಗುಂಪೊಂದು ಅವರನ್ನು ಸೆರೆಮನೆಯಿಂದ ಎಳೆದೊಯ್ದು ಊರಾಚೆ ಗುಂಡಿಕ್ಕಿ ಕೊಂದಿತು. ಮಾಸನ ಮಗಳಿಗೆ ಐಡಾ ಧರ್ಮಮಾತೆಯಾಗಿದ್ದರು. ರಕ್ಷಣೆಯಿಲ್ಲದ ಈ ಊರನ್ನು ಬಿಟ್ಟು ಹೋಗಿರೆಂದು ಅವರು ತಮ್ಮವರಿಗೆ ಕರೆಕೊಟ್ಟರು. ಸಂಸಾರ ಸಂಸಾರಗಳೇ ಹೊರಟವು. ಟ್ರಾಮುಗಳು ಬರಿದಾಗಿ, ಕಂಪನಿಯ ಅಧಿಕಾರಿಗಳೇ ಸಂಪಾದಕಿಯ ಮೇಜಿನ ಮುಂದೆ ಬಂದು ನಿಂತರು.

ಇಂಥ ಗುಂಪುಹತ್ಯೆಗಳಿಗೆ ಬಿಳಿಯ ಸ್ತ್ರೀಯರ ಮಾನರಕ್ಷಣೆಯೇ ಕಾರಣವೆಂದು ಆಗ ಎಲ್ಲೆಡೆ ಹೇಳಲಾಗುತ್ತಿತ್ತು. ಐಡಾ ಅದನ್ನು ಪರೀಕ್ಷೆಗೆ ಒಡ್ಡಿದರು. ಅವರು ಲೆಕ್ಕಕ್ಕೆ ಹಿಡಿದ 728 ಹತ್ಯೆಗಳಲ್ಲಿ, ಬಲಾತ್ಕಾರದ ಆರೋಪವಾದರೂ ಇದ್ದುದು ಮೂರರಲ್ಲೊಂದು ಪಾಲಿಗೆ ಮಾತ್ರ. ಅಂಕಿಗಳನ್ನು ಆಯ್ದುದು ಬಿಳಿಯರದೇ ಪತ್ರಿಕೆಯಿಂದ. ಹೀಗಾಗಿ ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ಈ ಮಿಥ್ಯೆಯನ್ನು ಬಯಲಿಗೆಳೆದ ಸಂಪಾದಕೀಯ ಬಂದ ಕೆಲವೇ ದಿನಗಳಲ್ಲಿ, ಮೇ 27ರಂದು, ಗುಂಪು ಕಾರ್ಯಾಲಯಕ್ಕೆ ನುಗ್ಗಿ ಎಲ್ಲವನ್ನೂ ಧ್ವಂಸಮಾಡಿತು. ಐಡಾ ಪರಸ್ಥಳದಲ್ಲಿದ್ದುದರಿಂದ ಉಳಿದರು. ಮರಳಿದರೆ ಕೊಲ್ಲುವುದಾಗಿ ಬೆದರಿಕೆ ಬಂತು.

ಅವರು ನ್ಯೂಯಾರ್ಕಿನಲ್ಲಿ ನಿಂತು 'ನ್ಯೂಯಾರ್ಕ್ ಏಜ್' ಪತ್ರಿಕೆಯಲ್ಲಿ ಹೆಸರು, ಊರು, ತಾರೀಖುಗಳ ಸಮೇತ ಬರೆದರು. 1893 ಮತ್ತು 1894ರಲ್ಲಿ ಬ್ರಿಟನ್ನಿನಲ್ಲಿ ಸಂಚರಿಸಿ ಉಪನ್ಯಾಸವಿತ್ತರು. 1895ರಲ್ಲಿ 'ರೆಡ್ ರೆಕಾರ್ಡ್' ಪ್ರಕಟಿಸಿ, ಅದೇ ವರ್ಷ ಷಿಕಾಗೋದ ವಕೀಲ ಫರ್ಡಿನೆಂಡ್ ಬಾರ್ನೆಟ್ಟರನ್ನು ವರಿಸಿದರು. ನಾಲ್ಕು ಮಕ್ಕಳ ತಾಯಿಯಾದರು. ಕಂಕುಳಲ್ಲಿ ಕೂಸಿದ್ದರೂ ಸಭೆಗಳಿಗೆ ಹೋಗುವುದನ್ನು ನಿಲ್ಲಿಸಲಿಲ್ಲ.

ಆಕೆಯ ಮೊನಚು ಮಾತು ಸ್ವಪಕ್ಷದವರಿಗೂ ಹಿಡಿಸುತ್ತಿರಲಿಲ್ಲ. ಕಪ್ಪುಜನರ ಹಕ್ಕುಗಳಿಗಾಗಿ 1909ರಲ್ಲಿ ರಾಷ್ಟ್ರೀಯ ಸಂಘವನ್ನು ಕಟ್ಟುವಾಗ, ಸಮಿತಿಯ ಮೊದಲ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆಮೇಲೆ ಸೇರಿಸಲಾಯಿತು. 1913ರಲ್ಲಿ ವಾಷಿಂಗ್ಟನ್ನಿನ ಮತಾಧಿಕಾರದ ಮೆರವಣಿಗೆಯಲ್ಲಿ, ಬಿಳಿಯ ಸ್ತ್ರೀಯರು ಅವರನ್ನು ಹಿಂದಿನ ಸಾಲಿಗೆ ಹೋಗೆಂದರು. ಐಡಾ ಜನಸಂದಣಿಯಲ್ಲಿ ಕಾದಿದ್ದು, ನಡುದಾರಿಯಲ್ಲಿ ತಮ್ಮ ಇಲಿನಾಯ್ ಸಂಸ್ಥಾನದ ತಂಡಕ್ಕೇ ಸೇರಿ ಹೆಜ್ಜೆ ಹಾಕಿದರು.

1931ರ ಮಾರ್ಚ್ 25ರಂದು ಷಿಕಾಗೋದಲ್ಲಿ ಅವರು ತೀರಿಕೊಂಡಾಗ, ಬಾಳೆಲ್ಲ ಬೇಡಿದ ಕಾನೂನು ಬಂದಿರಲಿಲ್ಲ. 2020ರಲ್ಲಿ ಪುಲಿಟ್ಜರ್ ಮಂಡಲಿಯ ವಿಶೇಷ ಗೌರವ ಸಂದಿತು. ಗುಂಪುಹತ್ಯೆಯನ್ನು ಇಡೀ ಅಮೆರಿಕಕ್ಕೆ ಅನ್ವಯಿಸುವ ಅಪರಾಧವೆಂದು ಸಾರುವ ಶಾಸನಕ್ಕೆ ಅಂಕಿತ ಬಿದ್ದುದು 2022ರಲ್ಲಿ. ಆ ವೇಳೆಗೆ ಮೆಂಫಿಸಿನ ಅಚ್ಚುಕೂಟ ಹಾಳಾಗಿ ಸುಮಾರು 130 ವರ್ಷಗಳು ಕಳೆದಿದ್ದುವು.